ಸಿಬಿ750 ಕೆ1: ಆ ಕಾಲದ್ದೇ ಪಾರ್ಟು ಬೇಕು, ಎಲ್ಲಿಂದ ಶುರು ಮಾಡಲಿ?

ತುಕ್ಕುರಾಮ:
ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದುತ್ತಾ ಕೂತಿದ್ದೆ, ಇವತ್ತು ಕೇಳದೆ ವಿಧಿಯಿಲ್ಲ. ಒಂದು ಹೋಂಡಾ ಸಿಬಿ750 ಮನೆಗೆ ಬಂದಿದೆ. ಕಾಗದದಲ್ಲಿ 1971 ಅಂತಿದೆ, ಮಾರಿದವರು ಕೆ1, ಅಂದರೆ ಸಿಬಿ750ರ ಎರಡನೇ ಮಾದರಿ, ಅಂದರು. ಎಂಜಿನ್ ಹಿಡಿದುಕೊಂಡಿಲ್ಲ, ಕಿಕ್ಕರ್ ತುಳಿದರೆ ತಿರುಗುತ್ತದೆ. ಸಂತೋಷದ ಸುದ್ದಿ ಅಲ್ಲಿಗೆ ಮುಗಿಯಿತು.

ನಾಲ್ಕು ಸೈಲೆನ್ಸರ್ ಇರಬೇಕಾದ ಜಾಗದಲ್ಲಿ ನಾಲ್ಕೂ ಪೈಪು ಸೇರಿ ಒಂದು ಕಪ್ಪು ಡಬ್ಬಿಗೆ ಹೋಗಿವೆ. ಸೀಟು ಯಾರೋ ಸೋಫಾ ಹೊಲಿಯುವವರ ಕೈಯಲ್ಲಿ ಹೊಲಿಸಿದ ಹಾಗಿದೆ. ಹೆಡ್‌ಲ್ಯಾಂಪ್ ಹಿಡಿದಿರುವ ಎರಡು ಕಿವಿಗಳು ಕ್ರೋಮ್, ಅವು ಮಾತ್ರ ಚೆನ್ನಾಗಿವೆ. ಟ್ಯಾಂಕಿಗೆ ಕಪ್ಪು ಬಣ್ಣ, ಬಾಗಿಲಿಗೆ ಹೊಡೆಯುವಂಥದ್ದು. ಎಂಜಿನ್ ಕವರ್ ಒಂದನ್ನು ಬಿಚ್ಚೋಣ ಅಂತ ಹೋದರೆ ಒಂದೇ ಕವರಿನಲ್ಲಿ ನಾಲ್ಕು ಜಾತಿಯ ಸ್ಕ್ರೂ, ಎರಡರ ತಲೆ ಆಗಲೇ ಸವೆದು ಬಟ್ಟಲಾಗಿದೆ.

ನನಗೆ ಇದು ಫ್ಯಾಕ್ಟರಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ಬೇಕು. ಹೊಸದಾಗಿ ಮಾಡಿದ ನಕಲು ಪಾರ್ಟು ಎಷ್ಟರ ಮಟ್ಟಿಗೆ ಸರಿ? ಹಳೇದನ್ನು ಹುಡುಕೋದಾದರೆ ಏನಂತ ಹುಡುಕೋದು? ಕ್ಯಾಟಲಾಗ್ ತೆರೆದರೆ ಬರೀ ನಂಬರ್, ತಲೆ ಸುತ್ತುತ್ತದೆ.

ನಾಲ್ಕುಕೊಳವೆ:
ಮೊದಲು ಏನೂ ಕೊಳ್ಳಬೇಡಿ. ನಿಜವಾಗಿ ಹೇಳುತ್ತಿದ್ದೇನೆ. ನಾನು ಮೊದಲ ತಿಂಗಳಲ್ಲಿ ಉತ್ಸಾಹದಿಂದ ತಂದ ಪಾರ್ಟುಗಳಲ್ಲಿ ಅರ್ಧ ಇವತ್ತಿಗೂ ಕಪಾಟಿನಲ್ಲಿವೆ, ಎಲ್ಲಾ ಬೇರೆ ವರ್ಷದವು.

ನಿಮ್ಮ ಕೈಯಲ್ಲಿರೋದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಎಂಜಿನ್ ನಂಬರ್ ಸಿಬಿ750ಇ ಅಂತ ಶುರುವಾಗುತ್ತದೆ, ಮುಂದಿನದು ಸುಮಾರು 1045000 ಅಥವಾ ಅದಕ್ಕಿಂತ ಮೇಲಿದ್ದರೆ ಕೆ1. ಅದಕ್ಕಿಂತ ಕೆಳಗಿದ್ದರೆ ಈಗ ನಾವು ಕೆ0 ಅಂತ ಕರೆಯುವ 1969ರ ಮೊದಲ ಮಾದರಿ. ಫ್ರೇಮ್ ನಂಬರ್ ಎಂಜಿನ್ ನಂಬರಿಗೆ ಹೊಂದಲಿಲ್ಲ ಅಂತ ಗಾಬರಿಯಾಗಬೇಡಿ. ಹೋಂಡಾ ಅವೆರಡನ್ನೂ ಒಂದೇ ಮಾಡಿರಲಿಲ್ಲ, ಹತ್ತಿರ ಹತ್ತಿರ ಇದ್ದರೆ ಸಾಕು. ಇನ್ನು ಕಾರ್ಬ್ಯುರೇಟರ್ ಮೇಲೆ ನೋಡಿ. ಕೆ0ನಲ್ಲಿ ಆಕ್ಸಿಲರೇಟರ್ ಕೇಬಲ್ ನಾಲ್ಕಾಗಿ ಕವಲೊಡೆದು ಒಂದೊಂದು ಕಾರ್ಬಿಗೆ ಒಂದೊಂದು ಹೋಗುತ್ತದೆ. ಕೆ1ನಲ್ಲಿ ನಾಲ್ಕನ್ನೂ ಒಂದೇ ಸರಳಿನಿಂದ ಎಳೆಯುವ ಲಿಂಕೇಜ್ ಬಂತು.

ಆಮೇಲೆ ನಿಮ್ಮ ಕ್ರೋಮ್ ಕಿವಿಗಳು. ಬೇಜಾರು ಮಾಡಿಕೊಳ್ಳಬೇಡಿ, ಅವು ನಿಮ್ಮ ಗಾಡಿಯವಲ್ಲ. ಕೆ0, ಕೆ1 ಎರಡರಲ್ಲೂ ಕಿವಿಗೆ ಟ್ಯಾಂಕಿನ ಬಣ್ಣ ಇರುತ್ತದೆ. ಕ್ರೋಮ್ ಬಂದದ್ದು ಕೆ2ನಲ್ಲಿ. ಹ್ಯಾಂಡಲ್ ಕ್ಲಾಂಪ್ ಮೇಲೆ ವಾರ್ನಿಂಗ್ ಲೈಟುಗಳ ಚಿಕ್ಕ ಪಟ್ಟಿ ಇದೆಯಾ ನೋಡಿ. ಇದ್ದರೆ ಅದೂ ಕೆ2ನದೇ, ನಿಮ್ಮದರಲ್ಲಿ ಆ ಲೈಟುಗಳು ಮೀಟರ್ ಮುಖದೊಳಗೇ ಇರಬೇಕು. ಹಾಗಾದರೆ ಯಾವುದೋ ಕಾಲದಲ್ಲಿ ಮುಂದಿನಿಂದ ಗುದ್ದಿಸಿಕೊಂಡು, ಕೆ2ನ ಮುಂಭಾಗ ಪೂರ್ತಿ ಕೂರಿಸಿದ್ದಾರೆ ಅಂತ ಅರ್ಥ. ಫೋರ್ಕ್ ನೇರ ಇದೆಯಾ ಅಂತ ಇವತ್ತೇ ನೋಡಿ.

ಗ್ಯಾರೇಜ್‌ಬೆಕ್ಕು:
ಒಂದೇ ಮಾತು. ಏನನ್ನೂ ಎಸೆಯಬೇಡಿ. ಮುರಿದ ಕ್ಲಿಪ್ಪು, ಹರಿದ ರಬ್ಬರ್, ತಲೆ ಸವೆದ ಸ್ಕ್ರೂ, ಎಲ್ಲಾ ಕವರಿಗೆ ಹಾಕಿ ಹೆಸರು ಬರೆದಿಡಿ. ಬಿಚ್ಚುವ ಮೊದಲು ಫೋಟೋ. ಬಿಚ್ಚುವಾಗ ಫೋಟೋ. ವಾಷರ್ ಯಾವ ಕಡೆಗಿತ್ತು ಅಂತ ಎರಡು ವರ್ಷ ಆದಮೇಲೆ ನೆನಪಿರುವುದಿಲ್ಲ.

ತುಕ್ಕುರಾಮ:
ನಾಲ್ಕುಕೊಳವೆ ಅವರೇ, ಕೈಮುಗಿದೆ. ಎಂಜಿನ್ ನಂಬರ್ ಪ್ರಕಾರ ಕೆ1ನೇ. ವಾರ್ನಿಂಗ್ ಲೈಟಿನ ಪಟ್ಟಿ ಇದೆ, ನೀವು ಹೇಳಿದ ಜಾಗದಲ್ಲೇ ಇದೆ. ಫೋರ್ಕ್ ಪೈಪನ್ನು ಗಾಜಿನ ಮೇಲೆ ಉರುಳಿಸಿ ನೋಡಿದೆ, ನೇರ ಇದೆ. ಆದರೆ ನಾನು ಮೆಚ್ಚಿಕೊಂಡಿದ್ದ ಒಂದೇ ಒಂದು ಪಾರ್ಟು ತಪ್ಪು ಅಂತಾಯಿತು!

ಈಗ ನಂಬರ್ ವಿಷಯ ಹೇಳಿ.

ನಾಲ್ಕುಕೊಳವೆ:
ಹೋಂಡಾ ಪಾರ್ಟ್ ನಂಬರ್ ಮೂರು ತುಂಡು. ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತದೆ, ನಡುವಿನ ಮೂರು ಅದು ಯಾವ ಗಾಡಿಗೆ ಹುಟ್ಟಿದ್ದು ಅಂತ ಹೇಳುತ್ತದೆ, ಕೊನೆಯ ಮೂರು ಎಷ್ಟನೇ ತಿದ್ದುಪಡಿ ಅಂತ. ಉದಾಹರಣೆಗೆ 13101-300 ಅಂದರೆ ಸಿಬಿ750ರ ಸ್ಟ್ಯಾಂಡರ್ಡ್ ಪಿಸ್ಟನ್. 13102 ಆದರೆ 0.25 ಮಿ.ಮೀ. ದೊಡ್ಡದು, 13103 ಆದರೆ 0.50. ನಡುವಿನ 300 ಅಂದರೆ ಸಿಬಿ750, 341 ಅಂದರೆ ಅದರ ಕೆ1 ಬದಲಾವಣೆ, 323 ಸಿಬಿ500 ಫೋರ್, 377 ಸಿಬಿ400 ಫೋರ್. ಕೊನೆಯಲ್ಲಿ 000 ಇದ್ದರೆ ಮೊದಲ ವಿನ್ಯಾಸ, 010, 020 ಅಂತ ಹೋದ ಹಾಗೆ ಆಮೇಲಿನವು. ಹೊಸ ನಂಬರ್ ಬಂದಾಗ ಹಳೇದನ್ನು ಕ್ಯಾಟಲಾಗ್‌ನಿಂದ ತೆಗೆದುಬಿಡುತ್ತಾರೆ. ಕೂರೋದೇನೋ ಕೂರುತ್ತದೆ, ಆದರೆ ನೋಟ ಬೇರೆ ಇರಬಹುದು. ಆದ್ದರಿಂದ ಆ ವರ್ಷದ ಪಾರ್ಟ್ಸ್ ಪುಸ್ತಕವನ್ನೇ ಹಿಡಿಯಿರಿ, ಈಗಿನ ಪಟ್ಟಿಯನ್ನಲ್ಲ.

ಇದರಲ್ಲಿ ನನಗೆ ತುಂಬಾ ಲಾಭ ಆದ ವಿಷಯ ಒಂದಿದೆ. ಸಿಬಿ750ರ ಪಟ್ಟಿಯಲ್ಲೇ ಎಷ್ಟೋ ಪಾರ್ಟುಗಳ ನಡುವಿನ ಅಂಕಿ 300 ಅಲ್ಲ, 268 ಇರುತ್ತದೆ, 283 ಇರುತ್ತದೆ. ಅಂದರೆ ಅದಕ್ಕಿಂತ ಮೊದಲಿನ ಸಿಬಿ72, ಸಿಬಿ450ಗೆ ಮಾಡಿದ್ದನ್ನೇ ಇಲ್ಲೂ ಹಾಕಿದ್ದಾರೆ. ‘ಸಿಬಿ750’ ಅಂತ ಹುಡುಕುವವರು ಸಾವಿರ ಜನ. ಅದೇ ರಬ್ಬರ್ ಬುಶ್ಶನ್ನು ಮೊದಲಿನ ಗಾಡಿಯ ಹೆಸರಲ್ಲಿ ಹುಡುಕಿ ನೋಡಿ, ಯಾರೂ ಕಣ್ಣೆತ್ತಿ ನೋಡದೆ ಬಿದ್ದಿರುತ್ತದೆ.

ಹಳೇಹಾಕ್:
ಬೋಲ್ಟು, ಸ್ಕ್ರೂಗಳಿಗೂ ಇದೇ ಲೆಕ್ಕ, ಇನ್ನೂ ಸುಲಭ. 9ರಿಂದ ಶುರುವಾಗುವ ನಂಬರ್ ಅಂದರೆ ಸಾಮಾನ್ಯ ಹಾರ್ಡ್‌ವೇರ್. 93500-06025 ಅಂದರೆ ಪ್ಯಾನ್ ತಲೆಯ ಸ್ಕ್ರೂ, 6 ಮಿ.ಮೀ. ದಪ್ಪ, 25 ಮಿ.ಮೀ. ಉದ್ದ. ಅಳತೆ ನಂಬರಿನೊಳಗೇ ಬರೆದಿದೆ. ಪುಸ್ತಕ ಹಿಡಿದುಕೊಂಡು ಕೂತರೆ ಒಂದು ಸಂಜೆಯಲ್ಲಿ ಇಡೀ ಗಾಡಿಯ ಸ್ಕ್ರೂ ಪಟ್ಟಿ ಸಿದ್ಧ.

ಸ್ಕ್ರೂ ತಲೆ ಬಟ್ಟಲಾಯಿತು ಅಂದಿರಲ್ಲ, ಅದು ನಿಮ್ಮ ಕೈಯ ತಪ್ಪಲ್ಲ, ಸ್ಕ್ರೂಡ್ರೈವರಿನದು. ಇವು ಜಪಾನಿನ ಜೆಐಎಸ್ ಅಳತೆಯ ಅಡ್ಡಗೀಟಿನ ಸ್ಕ್ರೂಗಳು. ಫಿಲಿಪ್ಸ್ ತುದಿ ನೋಡೋಕೆ ಒಂದೇ ಥರ, ಆದರೆ ಒಳಗೆ ಪೂರ್ತಿ ಕೂರುವುದಿಲ್ಲ, ಜೋರು ಕೊಟ್ಟರೆ ಜಾರಿ ಮೇಲೆ ಬರುತ್ತದೆ. ಎಷ್ಟೋ ಜೆಐಎಸ್ ಸ್ಕ್ರೂಗಳ ತಲೆ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಬೆರಳಿಗೂ ಸಿಗುತ್ತದೆ. ಜೆಐಎಸ್ ತುದಿಯ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ, ಒಂದು ಸಲ ಸುತ್ತಿಗೆ ಏಟು, ಟಕ್ ಅಂತ ಬಿಡುತ್ತದೆ.

ಬೋಲ್ಟಿನಲ್ಲೂ ಕಳ್ಳರನ್ನು ಹಿಡಿಯಬಹುದು. 8 ಮಿ.ಮೀ. ಬೋಲ್ಟಿಗೆ ಹೋಂಡಾ ಹಾಕಿದ್ದು 12ರ ಸ್ಪ್ಯಾನರ್ ಹಿಡಿಯುವ ತಲೆ. 13 ಬೇಕಾಯಿತು ಅಂದರೆ ಅದು ಆಮೇಲೆ ಯಾರೋ ತಂದು ಹಾಕಿದ್ದು. 10 ಮಿ.ಮೀ.ಗೆ ಸಾಮಾನ್ಯವಾಗಿ 14ರ ತಲೆ, ಅಲ್ಲೂ ಹೊರಗಿನದು 17 ಇರುತ್ತದೆ. ನಾನು ಹಳೇ ಗಾಡಿ ನೋಡಲು ಹೋದಾಗ ಜೇಬಲ್ಲಿ 12 ಮತ್ತು 13ರ ಸ್ಪ್ಯಾನರ್ ಇಟ್ಟುಕೊಂಡು ಹೋಗುತ್ತೇನೆ. ಮಾರುವವರು ಕಥೆ ಹೇಳುತ್ತಾ ಇರುತ್ತಾರೆ, ನಾನು ಸುಮ್ನೆ ಬೋಲ್ಟು ಎಣಿಸುತ್ತಾ ಇರುತ್ತೇನೆ.

ನನ್ನದು ಇನ್ನೂ ಹಳೇದು, ಸಿಬಿ77, 305 ಸಿಸಿ. ಅದರಲ್ಲಿ ಇನ್ನೊಂದು ತಲೆನೋವು. ಆಗಿನ ಜಪಾನಿನ 5 ಮಿ.ಮೀ. ಸ್ಕ್ರೂಗೆ ಎಳೆಯಿಂದ ಎಳೆಗೆ 0.9 ಮಿ.ಮೀ., ಈಗಿನದಕ್ಕೆ 0.8. 4 ಮಿ.ಮೀ.ಗೆ ಆಗ 0.75, ಈಗ 0.7. ಹೊಸ ಸ್ಕ್ರೂ ಎರಡು ಸುತ್ತು ಆರಾಮಾಗಿ ಹೋಗುತ್ತದೆ, ಮೂರನೇದಕ್ಕೆ ಬಿಗಿ. ಕೊಳೆ ಇರಬೇಕು ಅಂತ ಒತ್ತಿದರೆ ಅಲ್ಯೂಮಿನಿಯಂ ಎಳೆ ಪುಡಿಪುಡಿಯಾಗಿ ಸ್ಕ್ರೂ ಜೊತೆಗೇ ಹೊರಗೆ ಬರುತ್ತದೆ. ನನಗೆ ಗೊತ್ತಾದದ್ದು ಹಾಗೇ. ನಿಮ್ಮ 1971ರ ಗಾಡಿಗೆ ಈ ಕಾಟ ಇಲ್ಲ, ಅಷ್ಟೊತ್ತಿಗೆ ಅಳತೆ ಬದಲಾಗಿತ್ತು.

ಮೂರುಸಿಲಿಂಡರ್:
ಹೋಂಡಾದವರಿಗೆ ಎಲ್ಲಾ ಸುಲಭ ಬಿಡಿ. ನನ್ನದು ಸುಜುಕಿ ಜಿಟಿ750, ನೀರಿನಿಂದ ತಣ್ಣಗಾಗುವ ಟೂ ಸ್ಟ್ರೋಕ್. 1972ರ ಜೆ ಮಾದರಿ. ಅದಕ್ಕೆ ಮುಂದೆ ದೊಡ್ಡ ಡ್ರಮ್ ಬ್ರೇಕ್ ಇತ್ತು. 1973ರ ಕೆ ಮಾದರಿಗೆ ಎರಡು ಡಿಸ್ಕ್ ಬಂತು. ಆಗ ಜೆ ಇಟ್ಟುಕೊಂಡವರೆಲ್ಲ ಖುಷಿಯಿಂದ ಡಿಸ್ಕ್ ಹಾಕಿಸಿಕೊಂಡು ಡ್ರಮ್ಮನ್ನು ಗುಜರಿಗೆ ಹಾಕಿದರು. ಈಗ ಅದೇ ಡ್ರಮ್ಮಿಗೆ ನಾವೆಲ್ಲ ಊರೂರು ಅಲೆಯುತ್ತಿದ್ದೇವೆ.

ಬೇರೆ ಕಂಪನಿಯವರು ಓದುತ್ತಿದ್ದರೆ ಅಂತ ಬರೆಯುತ್ತೇನೆ. ಸುಜುಕಿಯಲ್ಲಿ ಎರಡನೇ ತುಂಡಿನ ಮೊದಲೆರಡು ಅಂಕಿ ಗಾಡಿಯದು: 31 ಜಿಟಿ750, 33 ಜಿಟಿ380, 34 ಜಿಟಿ550. ಯಮಹಾದಲ್ಲಿ ಮೊದಲ ಮೂರೇ ಗಾಡಿಯದು, 256 ಅಂದರೆ ಎಕ್ಸ್‌ಎಸ್-1. ಕವಾಸಾಕಿ ನಂಬರಿನಲ್ಲಿ ಗಾಡಿಯ ಸುಳಿವೇ ಇಲ್ಲ, ಪುಸ್ತಕ ಇಲ್ಲದೆ ಒಂದು ಹೆಜ್ಜೆ ಇಡೋಕಾಗುವುದಿಲ್ಲ.

ಹುಡುಕೋದು ಹೇಗೆ ಅಂತ ಕೇಳಿದಿರಿ. ಜಪಾನಿನ ಹರಾಜು ತಾಣಗಳಿಗೇ ಹೋಗಿ, ಯಾಹೂ ಆಕ್ಷನ್ಸ್ ಅಲ್ಲಿ ದೊಡ್ಡದು. ನಿಮ್ಮ ಪರವಾಗಿ ಕೂಗಿ, ಕೊಂಡು, ಕಳಿಸುವ ಮಧ್ಯವರ್ತಿಗಳು ಇದ್ದಾರೆ. ಪಾರ್ಟ್ ನಂಬರಿಗೆ ಭಾಷೆ ಇಲ್ಲ ನೋಡಿ, ಹಾಗೇ ಹಾಕಿ ಹುಡುಕಿ, ಅಡ್ಡಗೆರೆ ಇಟ್ಟು ಒಂದು ಸಲ, ತೆಗೆದು ಒಂದು ಸಲ. ಆಮೇಲೆ ನಾಲ್ಕು ಜಪಾನಿ ಮಾತು ಕಲಿತುಕೊಳ್ಳಿ. ‘ಜುನ್ಸೇ’ ಅಂದರೆ ಕಂಪನಿಯದ್ದೇ. ‘ಶಗಾಯ್’ ಅಂದರೆ ಹೊರಗಿನವರು ಮಾಡಿದ್ದು. ‘ಟೋಜಿ ಮೊನೊ’ ಅಂದರೆ ಆ ಕಾಲದ ವಸ್ತು, ನಾವು ಹುಡುಕುತ್ತಿರೋದು ಅದೇ. ಆದರೆ ಹುಷಾರು, 1970ರ ದಶಕದಲ್ಲಿ ಬೇರೆಯವರು ಮಾಡಿದ ಸೈಲೆನ್ಸರೂ ಟೋಜಿ ಮೊನೊನೇ, ಆದ್ದರಿಂದ ಜುನ್ಸೇ ಅಂತಲೂ ಇದೆಯಾ ನೋಡಿ. ‘ಜಂಕು’ ಅಂತಿದ್ದರೆ ಯಾವ ಗ್ಯಾರಂಟಿಯೂ ಇಲ್ಲ, ಆಮೇಲೆ ಅಳಬೇಡಿ. ಆದರೂ ನನ್ನ ಒಳ್ಳೆಯ ಪಾರ್ಟುಗಳೆಲ್ಲ ಜಂಕು ರಾಶಿಯಲ್ಲೇ ಸಿಕ್ಕಿದ್ದು.

ಸುಮ್ನೆಓಡ್ಸು:
ನಾನೊಬ್ಬ ಕೇಳಲೇಬೇಕು. ಇಷ್ಟೆಲ್ಲ ಯಾಕೆ? 736 ಸಿಸಿ, 67 ಅಶ್ವಶಕ್ತಿ, 1969ರಲ್ಲಿ ಮುಂದೆ ಡಿಸ್ಕ್ ಬ್ರೇಕ್ ಹಾಕಿ ಕೊಟ್ಟ ಗಾಡಿ. ಓಡಿಸೋಕೆ ಮಾಡಿದ್ದು ಅದು. ಬೋಲ್ಟಿನ ತಲೆ 12ಓ 13ಓ ಅಂತ ನೋಡೋಕಲ್ಲ. ನನ್ನದಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್, ಹೊಸ ಶಾಕ್ ಅಬ್ಸಾರ್ಬರ್, ಹೊಸ ವೈರಿಂಗ್ ಹಾಕಿಸಿದ್ದೇನೆ, ಒಂದೇ ಕಿಕ್ಕಿಗೆ ಶುರುವಾಗುತ್ತದೆ. ಮಳೆಗಾಲದಲ್ಲೂ ಓಡುತ್ತದೆ. ನಿಮ್ಮವು ಎಷ್ಟು ಓಡುತ್ತವೆ ಸ್ವಲ್ಪ ಹೇಳಿ ನೋಡೋಣ.

ಹಳೇಹಾಕ್:
ನನ್ನದು ಹೋದ ವರ್ಷ ಹನ್ನೊಂದು ಕಿಲೋಮೀಟರ್. ನಗಬೇಡಿ.

ನಾಲ್ಕುಕೊಳವೆ:
ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಆದರೆ ಹಳೇ ಪಾಯಿಂಟ್ಸ್ ಪ್ಲೇಟನ್ನು ಡಬ್ಬಿಯಲ್ಲಿ ಇಡಿ. ನಾಳೆ ಯಾರಾದರೂ ವಾಪಸ್ ಹಾಕಬಹುದಾದರೆ ಯಾವ ತಂಟೆಯೂ ಇಲ್ಲ. ಫ್ರೇಮ್ ಕೊಯ್ದರೆ ಮಾತ್ರ ಜಗಳ.

ಒಂದು ಕಡೆ ನಾನು ನಿಮ್ಮ ಪಕ್ಷವೇ. ರಬ್ಬರಿನ ಯಾವ ಪಾರ್ಟೂ ಆ ಕಾಲದ್ದು ಬೇಡ. ಎನ್‌ಒಎಸ್ ಅಂತಾರಲ್ಲ, ಆ ಕಾಲದಲ್ಲೇ ತಯಾರಾಗಿ ಯಾರೂ ಬಳಸದೆ ಡಬ್ಬಿಯಲ್ಲೇ ಉಳಿದದ್ದು, ಲೋಹಕ್ಕಾದರೆ ಅದು ಚಿನ್ನ. ರಬ್ಬರಿಗೆ ಹಾಗಲ್ಲ. ಡಬ್ಬಿಯಲ್ಲಿ ಕೂತಿದ್ದರೂ ಅದಕ್ಕೆ ಐವತ್ತು ವರ್ಷ ಆಗಿರುತ್ತದೆ. ನಾನು ಕಾರ್ಬ್ಯುರೇಟರ್ ಹಿಂದಿನ ರಬ್ಬರ್ ಮೂತಿಗಳನ್ನು ಹಾಗೇ ತರಿಸಿದೆ. ಕವರ್ ಹರಿದು ಒಂದನ್ನು ಮೇಜಿನ ಮೇಲಿಟ್ಟರೆ ಟಕ್ ಅಂತ ಸದ್ದು ಬಂತು, ಬಳಪ ಇಟ್ಟ ಹಾಗೆ. ಬ್ರೇಕ್ ಹೋಸ್, ಮಾಸ್ಟರ್ ಸಿಲಿಂಡರ್ ಸೀಲ್, ಕ್ಯಾಲಿಪರ್ ಸೀಲ್, ಟೈರು, ಇವೆಲ್ಲ ಇತ್ತೀಚೆಗೆ ಮಾಡಿದ್ದೇ ಬೇಕು. ಟೈರಿನ ಅಳತೆ ಮಾತ್ರ ಅದೇ ಇರಲಿ, ಮುಂದೆ 3.25-19, ಹಿಂದೆ 4.00-18. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಉಳಿದೆರಡು ವರ್ಷ. ನಾಲ್ಕು ಅಂಕಿ ಇಲ್ಲ, ಮೂರೇ ಇವೆ ಅಂದರೆ 2000ಕ್ಕಿಂತ ಮೊದಲಿನದು, ಮುಟ್ಟಲೇಬೇಡಿ.

ಕಾರ್ಬಿನೊಳಗೆ ಇದರ ಉಲ್ಟಾ. ಕಾರ್ಬ್ ಮಾಡಿದ ಕೀಹಿನ್ ಕಂಪನಿಯ ಹಳೇ ಹಿತ್ತಾಳೆ ಜೆಟ್ಟುಗಳನ್ನು, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳನ್ನು, ಬಿಸಾಡಬೇಡಿ. ರಿಪೇರಿ ಕಿಟ್ಟಿನಲ್ಲಿ ಹೊಳೆಯುವ ಹೊಸ ಜೆಟ್ಟು, ಸೂಜಿ ಬರುತ್ತವೆ, ನಂಬರ್ ಅದೇ ಇದ್ದರೂ ತೂತಿನ ಅಳತೆ, ಸೂಜಿಯ ಇಳಿಜಾರು ಎಷ್ಟೋ ಸಲ ಬೇರೆ ಇರುತ್ತದೆ. ಕಿಟ್ಟಿನಿಂದ ಸೀಲುಗಳನ್ನು ಮಾತ್ರ ತಗೊಂಡು, ಹಳೇ ಹಿತ್ತಾಳೆಯನ್ನೇ ತೊಳೆದು ವಾಪಸ್ ಹಾಕಿ.

ತುಕ್ಕುರಾಮ:
ಸೈಲೆನ್ಸರ್ ಬಗ್ಗೆ ಯಾರೂ ಹೇಳಲಿಲ್ಲ! ಒಂದು ಕಡೆ ‘ಎಚ್‌ಎಂ341, ಎನ್‌ಒಎಸ್, ನಾಲ್ಕೂ ಇವೆ’ ಅಂತ ನೋಡಿದೆ. ಕೈ ತುರಿಸುತ್ತಿದೆ.

ನಾಲ್ಕುಕೊಳವೆ:
ಕೈ ಕಟ್ಟಿಕೊಂಡು ಕೂತಿರಿ. ಕೆ1ಗೆ ಎಚ್‌ಎಂ341 ಸರಿ, ಕೆ0ಗೆ ಎಚ್‌ಎಂ300. ಆದರೆ ಹೊಸದಾಗಿ ಮಾಡಿದ ನಕಲು ಸೈಲೆನ್ಸರಿನ ಮೇಲೂ ಅದೇ ಅಕ್ಷರ ಒತ್ತಿರುತ್ತಾರೆ. ಅಕ್ಷರ ನೋಡಿ ನಂಬಬೇಡಿ. ಬೆಸುಗೆಯ ಗೆರೆ, ಅಕ್ಷರದ ಆಳ, ಒಳಗಿನ ಕೊಳವೆ, ಇವುಗಳ ಹತ್ತಿರದ ಫೋಟೋ ಕೇಳಿ. ಫೋಟೋ ಕೊಡದವರ ಹತ್ತಿರ ವ್ಯಾಪಾರ ಬೇಡ.

ಒಳ್ಳೆಯ ನಕಲು ಆದರೆ ನಕಲು ಅಂತ ಗೊತ್ತಿದ್ದೇ ಹಾಕಿ, ತಪ್ಪೇನಿಲ್ಲ. ಹಳೇ ಸೈಲೆನ್ಸರ್ ಒಳಗಿನಿಂದ ಕೊಳೆಯುತ್ತದೆ. ಗಾಡಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಒಳಗೆ ನೀರು ಕಟ್ಟುತ್ತದೆ. ಮೇಲಿನ ಕ್ರೋಮ್ ಫಳಫಳ ಅನ್ನುತ್ತಿರುತ್ತದೆ, ತಳಕ್ಕೆ ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಬಳಸಿದ ಪೈಪಿಗೆ ಮತ್ತೆ ಕ್ರೋಮ್ ಹಾಕಿಸೋದೂ ಕಷ್ಟ. ಒಳಗಿನ ಮಸಿ, ಎಣ್ಣೆ ತಮ್ಮ ತೊಟ್ಟಿಯನ್ನು ಹಾಳುಮಾಡುತ್ತದೆ ಅಂತ ಪ್ಲೇಟಿಂಗ್‌ನವರು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಗ್ಯಾರೇಜ್‌ಬೆಕ್ಕು:
ಎನ್‌ಒಎಸ್ ಮೋಸಕ್ಕೆ ನನ್ನದೊಂದು ಕಥೆ ಸೇರಿಸಿಕೊಳ್ಳಿ. ಹಿಂದಿನ ಲೈಟಿನ ಕೆಂಪು ಲೆನ್ಸ್ ತರಿಸಿದೆ. ಡಬ್ಬಿ ಅಸಲಿ, ಹಳದಿಯಾದ ಲೇಬಲ್ ಅಸಲಿ, ಪಿನ್ನಿಗೆ ಹಿಡಿದ ತುಕ್ಕೂ ಅಸಲಿ. ತೆಗೆದು ಬೆಳಕಿಗೆ ಹಿಡಿದೆ, ಲೈಟು ಮಾಡುವ ಕಂಪನಿ ಸ್ಟ್ಯಾನ್ಲಿಯ ಹೆಸರು ಎಲ್ಲೂ ಇಲ್ಲ. ಆ ಕಾಲದ ಹೋಂಡಾ ಲೆನ್ಸಿನಲ್ಲಿ ಅದು ಎರಕದಲ್ಲೇ ಬಂದಿರಬೇಕು. ಖಾಲಿ ಡಬ್ಬಿಗೆ ನಕಲು ತುಂಬಿ ಕಳಿಸಿದ್ದರು. ನಾನು ಡಬ್ಬಿ ಕೊಂಡಿದ್ದೆ ಅಷ್ಟೇ. ಈಗ ಅದರಲ್ಲಿ ಸ್ಪಾರ್ಕ್ ಪ್ಲಗ್ ಇಡುತ್ತೇನೆ.

ಬಣ್ಣದ ವಿಷಯಕ್ಕೆ ಬನ್ನಿ. ಟ್ಯಾಂಕಿನ ಲಾಂಛನ ಬಿಚ್ಚಿ ನೋಡಿದಿರಾ? ಸೋಮಾರಿಗಳು ಬಣ್ಣ ಹೊಡೆಯುವಾಗ ಅದನ್ನು ಬಿಚ್ಚುವುದಿಲ್ಲ, ಟೇಪ್ ಅಂಟಿಸಿ ಹೊಡೆಯುತ್ತಾರೆ. ಅದರ ಕೆಳಗೆ ಬಿಸಿಲು ಕಾಣದ ಅಸಲಿ ಬಣ್ಣ ಇರುತ್ತದೆ.

ತುಕ್ಕುರಾಮ:
ಬಿಚ್ಚಿದೆ. ಚಿನ್ನದ ಬಣ್ಣ! ಕೈಬೆರಳಷ್ಟು ಅಗಲ, ಸುತ್ತ ಕಪ್ಪು, ನಡುವೆ ಹೊಳೆಯುವ ಚಿನ್ನ. ನಾನು ಇಷ್ಟು ದಿನ ಕೆಂಪು ಗಾಡಿಯ ಕನಸು ಕಾಣುತ್ತಿದ್ದೆ. ಕ್ಯಾಂಡಿ ರೂಬಿ ರೆಡ್. ಈಗ ಏನು ಮಾಡಲಿ?

ಸುಮ್ನೆಓಡ್ಸು:
ಕೆಂಪೇ ಹೊಡೆಸಿ. ಗಾಡಿ ನಿಮ್ಮದು.

ಮೂರುಸಿಲಿಂಡರ್:
ಆ ವರ್ಷ ಕೆಂಪೂ ಇತ್ತು, ಆದ್ದರಿಂದ ತಪ್ಪು ಅನ್ನೋಕಾಗುವುದಿಲ್ಲ. ಆದರೂ ನನಗಾದರೆ ಚಿನ್ನ ಕಂಡ ಮೇಲೆ ಕೆಂಪು ಹೊಡೆಯೋಕೆ ಕೈ ಬರುವುದಿಲ್ಲ.

ಗ್ಯಾರೇಜ್‌ಬೆಕ್ಕು:
ಯಾವುದೇ ಆಗಲಿ, ಕ್ಯಾಂಡಿ ಬಣ್ಣ ಅಂದರೆ ಒಂದೇ ಡಬ್ಬಿಯ ಬಣ್ಣ ಅಲ್ಲ. ಕೆಳಗೆ ಲೋಹದ ಹೊಳಪಿನ ಪದರ, ಅದರ ಮೇಲೆ ಬಣ್ಣ ಬೆರೆಸಿದ ಪಾರದರ್ಶಕ ಪದರ. ಮೇಲಿನದು ಒಂದೊಂದು ಕೋಟು ಹೆಚ್ಚಾದ ಹಾಗೂ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ಆಮೇಲೆ ಒಂದು ಮೂಲೆ ಕೆತ್ತಿ ಹೋದರೆ ಅಷ್ಟಕ್ಕೆ ಮಾತ್ರ ತೇಪೆ ಹಾಕೋಕಾಗುವುದಿಲ್ಲ, ಪೂರ್ತಿ ಮತ್ತೆ. ಆದ್ದರಿಂದ ಟ್ಯಾಂಕು, ಸೈಡ್ ಕವರು, ಎರಡು ಕಿವಿ, ಎಲ್ಲಾ ಒಂದೇ ದಿನ, ಒಂದೇ ಕೈಯಲ್ಲಿ ಹೊಡೆಸಿ. ಅದಕ್ಕೂ ಮೊದಲು ತಗಡಿನ ತುಂಡುಗಳ ಮೇಲೆ ಎರಡು ಕೋಟು, ಮೂರು ಕೋಟು, ನಾಲ್ಕು ಕೋಟು ಅಂತ ಹೊಡೆದು, ಹಿಂದೆ ನಂಬರ್ ಬರೆದು, ಲಾಂಛನದ ಕೆಳಗಿನ ಬಣ್ಣದ ಪಕ್ಕ ಹಿಡಿದು ನೋಡಿ. ಬಿಸಿಲಲ್ಲಿ ಒಂದು ಸಲ, ನೆರಳಲ್ಲಿ ಒಂದು ಸಲ.

ತುಕ್ಕುರಾಮ:
ಬಹಳ ದಿನ ಆಯಿತು, ಸುದ್ದಿ ಹೇಳಿ ಹೋಗೋಣ ಅಂತ ಬಂದೆ.

ಕಿವಿಗಳು ಸಿಕ್ಕಿದವು. ‘ಜುನ್ಸೇ’ ಅಂತ ಹಾಕಿ, ‘ಜಂಕು’ ಅಂತಲೂ ಹಾಕಿದ್ದರು. ಯಾರೋ ನೀಲಿ ಬಳಿದಿದ್ದರು. ಮೇಲೆ ಕೆಳಗೆ ಇರುವ ರಬ್ಬರ್ ಕುಶನ್ ಅಂಟಿಕೊಂಡಿತ್ತು, ಚಾಕುವಿನಿಂದ ಎಬ್ಬಿಸಿದರೆ ಅದರ ಕೆಳಗೆ ಉಂಗುರದಷ್ಟು ಕೆಂಪು. ಅದು ಯಾವುದೋ ರೂಬಿ ರೆಡ್ ಗಾಡಿಯ ಕಿವಿ! ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಕೆ2ನ ಕ್ರೋಮ್ ಕಿವಿ ಮತ್ತು ಲೈಟಿನ ಪಟ್ಟಿಯನ್ನು ಒಬ್ಬರು ಕೆ2ನವರಿಗೆ ಕೊಟ್ಟೆ, ಅವರ ಹತ್ತಿರ ಕೆ1ನ ಮೀಟರ್ ಜೋಡಿ ಇತ್ತು. ಎರಡೂ ಕಡೆ ಖುಷಿ. ಸೈಲೆನ್ಸರ್ ನಕಲೇ ಹಾಕುತ್ತಿದ್ದೇನೆ. ಆ ‘ಎನ್‌ಒಎಸ್’ ಮಾರುವವರಿಗೆ ಬೆಸುಗೆಯ ಫೋಟೋ ಕೇಳಿದೆ, ಇನ್ನೂ ಉತ್ತರ ಇಲ್ಲ.

ಕೊನೆಗೆ ಚಿನ್ನವೇ. ತಗಡು ಹೊಡೆದು ನೋಡಿದೆ. ಮೂರು ಕೋಟು ತೆಳು, ನಾಲ್ಕು ಕೋಟಿಗೆ ಬಿಸಿಲಲ್ಲಿ ಸರಿ ಹೊಂದುತ್ತದೆ, ನೆರಳಲ್ಲಿ ಒಂದು ಚೂರು ಕಂದು ಕಾಣುತ್ತದೆ. ಕೆಳಗಿನ ಪದರ ಬದಲಾಯಿಸಿ ನಾಳೆ ಇನ್ನೊಂದು ತಗಡು.

ಸುಮ್ನೆಓಡ್ಸು:
ಅದೆಲ್ಲ ಸರಿ. ಓಡಿಸೋದು ಯಾವಾಗ?

ತುಕ್ಕುರಾಮ:
ಕಾರ್ಬ್ ಕೂರಿಸಿದ ತಕ್ಷಣ. 12ರ ತಲೆಯ ಬೋಲ್ಟು ಎರಡು ಬರಬೇಕು, ಅಷ್ಟೇ ಬಾಕಿ.

ಹಳೇಹಾಕ್:
ಉದ್ದ ಎಷ್ಟು ಹೇಳಿ. ನನ್ನ ಡಬ್ಬಿಯಲ್ಲಿ ಇರಬೇಕು.